ವಿಮಾನ ನಿಂತಾಗ ದೂರುವುದು ಯಾರನ್ನು?

2003ರ ಅಕ್ಟೋಬರ್ 15ರಂದು ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇಯಿ 'ಶೆಂಝೌ-5' ನೌಕೆಯಲ್ಲಿ ಒಬ್ಬನೇ ಭೂಮಿಯನ್ನು ಸುತ್ತುತ್ತಿದ್ದಾಗ ಯಾರೋ ಹೊರಗಿನಿಂದ ಬಡಿದ ಸದ್ದು ಕೇಳಿಸಿತು. ಕಬ್ಬಿಣದ ಬಕೆಟ್ಟಿಗೆ ಮರದ ಸುತ್ತಿಗೆಯಿಂದ ತಟ್ಟಿದ ಹಾಗಿತ್ತು ಎಂದು ಆತ ಅನಂತರ ಹೇಳಿದ್ದಾನೆ. ಕಿಟಕಿಗೆ ಮುಖವಿಟ್ಟು ನೋಡಿದರೆ ಏನೂ ಇಲ್ಲ. ಸದ್ದು ಹೊರಗಿನದೋ ಒಳಗಿನದೋ ಎಂದೂ ತಿಳಿಯಲಿಲ್ಲ. ಭೂಮಿಗೆ ಮರಳಿದ ಮೇಲೆ ಆ ಸದ್ದನ್ನು ಬೇರೆ ಬೇರೆ ವಸ್ತುಗಳಿಂದ ಅನುಕರಿಸಿ ತಂತ್ರಜ್ಞರಿಗೆ ಕೇಳಿಸಲು ಯತ್ನಿಸಿದ, ಯಾವುದೂ ಹೊಂದಲಿಲ್ಲ. ಮುಂದಿನ ಯಾನಗಳಲ್ಲಿ ಹೋದವರಿಗೂ ಅದೇ ಬಡಿತ ಕೇಳಿಸಿತು. ಅಷ್ಟರಲ್ಲಿ ಈ ಹಿರಿಯ ಅವರಿಗೆ, "ಕೇಳಿಸುತ್ತದೆ, ಹೆದರಬೇಡಿ" ಎಂದು ಮೊದಲೇ ತಿಳಿಸಿದ್ದ. ಒತ್ತಡದ ಅಲ್ಪ ವ್ಯತ್ಯಾಸಗಳಿಂದ ನೌಕೆಯ ಒಳಗೋಡೆ ಕೊಂಚ ಕುಗ್ಗಿ ಹಿಗ್ಗುವುದೇ ಇದಕ್ಕೆ ಕಾರಣವಿರಬೇಕೆಂಬುದು ತಜ್ಞರ ವಿವರಣೆ.

ಈ ಸುದ್ದಿಯನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ 'ನಾಳೆ ಬಾ'. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಹಾಗೂ ಹಲವು ಊರುಗಳ ಮನೆಯ ಬಾಗಿಲುಗಳ ಮೇಲೆ ಸುಣ್ಣದಲ್ಲೋ ಇದ್ದಿಲಿನಲ್ಲೋ ಬರೆದಿದ್ದ ಆ ಎರಡು ಪದಗಳನ್ನು ನನ್ನ ವಯಸ್ಸಿನವರು ಮರೆತಿರಲಾರರು. ರಾತ್ರಿ ಬಾಗಿಲು ಬಡಿಯುವ ದೆವ್ವ ತಾಯಿಯ ದನಿಯಲ್ಲಿ ಕರೆಯುತ್ತದೆ. ಬಾಗಿಲ ಬರೆಹವನ್ನು ಓದಿ ಹಿಂದಿರುಗುತ್ತದೆ. ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಅಕ್ಷರಸ್ಥ ದೆವ್ವ! ಬಾಗಿಲು ಇರುವಲ್ಲೆಲ್ಲ ಬಡಿಯುವವರು ಹುಟ್ಟುತ್ತಾರೆ, ಅದು ಮನೆಯ ಬಾಗಿಲಾಗಲಿ, ಭೂಮಿಯಿಂದ ಮುನ್ನೂರು ಕಿಲೋಮೀಟರ್ ಮೇಲಿನ ಲೋಹದ ಗೂಡಿನ ಬಾಗಿಲಾಗಲಿ.

ಬಾಹ್ಯಾಕಾಶಕ್ಕೆ ತನ್ನದೇ ಆದ ಒಂದು ರಾಕ್ಷಸ ಪರಂಪರೆ ಇದೆ ಎಂಬುದನ್ನು ಜಾನಪದದ ಅಧ್ಯಾಪಕರು ಗಂಭೀರವಾಗಿ ಗಮನಿಸಿದ್ದು ಕಡಮೆ. ಅದರ ಮೂಲಪುರುಷ 'ಗ್ರೆಮ್ಲಿನ್'. ಎರಡನೆಯ ಮಹಾಯುದ್ಧದ ಬ್ರಿಟಿಷ್ ವೈಮಾನಿಕರ ನಡುವೆ ಪ್ರಸಿದ್ಧನಾದ ಈ ಕುಳ್ಳ ಭೂತ ವಿಮಾನದ ತಂತಿ ಕಡಿಯುತ್ತಾನೆ, ಇಂಧನ ಕುಡಿಯುತ್ತಾನೆ, ರೆಕ್ಕೆಯ ಮೇಲೆ ಕುಣಿಯುತ್ತಾನೆ. ಸ್ವತಃ ವೈಮಾನಿಕನಾಗಿದ್ದು 1940ರಲ್ಲಿ ಮರುಭೂಮಿಯಲ್ಲಿ ವಿಮಾನ ಸಮೇತ ನೆಲಕ್ಕಪ್ಪಳಿಸಿ ಬದುಕುಳಿದ ರೋಆಲ್ಡ್ ಡಾಲ್ 1943ರಲ್ಲಿ ಈತನ ಮೇಲೆ ಮಕ್ಕಳ ಪುಸ್ತಕವನ್ನೇ ಬರೆದ. ವಿಮಾನದಿಂದ ರಾಕೆಟ್ಟಿಗೆ ಬಂದಾಗ ಕುಳ್ಳ ಭೂತ ಬೆಳೆದು ಬೃಹತ್ತಾಯಿತು. ಮಂಗಳ ಗ್ರಹಕ್ಕೆ ಕಳಿಸಿದ ನೌಕೆಗಳು ಒಂದಾದ ಮೇಲೊಂದು ಕಾಣೆಯಾಗತೊಡಗಿದಾಗ ದಾರಿಯಲ್ಲಿ ಯಾವುದೋ ಹೊಂಚುಹಾಕಿ ಕುಳಿತು ಅವುಗಳನ್ನು ನುಂಗುತ್ತಿದೆ ಎಂಬ ತಮಾಷೆ ಅಮೆರಿಕದ ವಿಜ್ಞಾನಿಗಳ ನಡುವೆ ಹುಟ್ಟಿತು. ಅದಕ್ಕೆ 'ಗ್ರೇಟ್ ಗ್ಯಾಲಕ್ಟಿಕ್ ಗೂಲ್' ಎಂದು ಹೆಸರಿಟ್ಟವನು 'ಟೈಮ್' ಪತ್ರಿಕೆಯ ವರದಿಗಾರ ಡೊನಾಲ್ಡ್ ನೆಫ್ ಎಂದು ಹೇಳುವುದುಂಟು.

ಈ 'ಗೂಲ್' ಎಂಬ ಪದದ ಬಗ್ಗೆ ಒಂದು ಮಾತು. ಇದು ಅರಬ್ಬಿ ಪದ. ಅರಬ್ಬರ ಹಳೆಯ ಕಥೆಗಳಲ್ಲಿ ಗೂಲ್ ಮಸಣದಲ್ಲಿ ಹೆಣ ತಿನ್ನುವ ಪಿಶಾಚಿಯಲ್ಲ. ಆ ರೂಪ ಅದಕ್ಕೆ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ, ಅರೇಬಿಯನ್ ನೈಟ್ಸ್ ಕಥೆಗಳ ಫ್ರೆಂಚ್ ಅವತರಣಿಕೆಯ ಮೂಲಕ. ಮೂಲದಲ್ಲಿ ಅದು ಮರುಭೂಮಿಯ ಮಾಯಾವಿ. ರಾತ್ರಿ ಬೆಂಕಿ ತೋರಿಸಿ ಪಯಣಿಗರನ್ನು ದಾರಿ ತಪ್ಪಿಸುತ್ತದೆ, ಬೇಕಾದ ರೂಪ ತಾಳುತ್ತದೆ, ಆದರೆ ಕತ್ತೆಯ ಗೊರಸನ್ನು ಮಾತ್ರ ಮರೆಸಲಾರದು. ನಮ್ಮ ಕೊಳ್ಳಿದೆವ್ವದ ಹತ್ತಿರದ ನಂಟು. ಕೆಂಪು ಮರಳಿನ ಗ್ರಹದ ದಾರಿಯಲ್ಲಿ ಪಯಣಿಗರನ್ನು ಕಾಯುವ ಭೂತಕ್ಕೆ ಮರುಭೂಮಿಯ ಹೆಸರು ಸಿಕ್ಕಿದ್ದು ಆಕಸ್ಮಿಕವಾದರೂ ಎಷ್ಟು ಸರಿಯಾಗಿ ಕೂತಿದೆ!

ಈ ಭೂತವನ್ನು ನಾನು ಹಳಿಯಲು ಹೊರಟವನಲ್ಲ. ಅದು ಮಾಡಿದ ಉಪಕಾರವನ್ನು ಮೊದಲು ಹೇಳಬೇಕು. ಯುದ್ಧಕಾಲದ ವಿಮಾನನೆಲೆಯನ್ನು ಊಹಿಸಿಕೊಳ್ಳಿ. ಇಂಜಿನ್ ಆಕಾಶದಲ್ಲಿ ಕೆಟ್ಟಿತು. ಹಾರಿಸಿದವನು ರಿಪೇರಿ ಮಾಡಿದವನನ್ನು ದೂರಬಹುದು, ಅವನು ಇವನನ್ನು. ನಾಳೆ ಬೆಳಗ್ಗೆ ಅದೇ ಇಬ್ಬರು ಅದೇ ವಿಮಾನದ ಪಕ್ಕದಲ್ಲಿ ನಿಲ್ಲಬೇಕು. ಆಗ "ಗ್ರೆಮ್ಲಿನ್ ಕೆಲಸ" ಎಂದು ನಕ್ಕುಬಿಟ್ಟರೆ ಇಬ್ಬರ ಸ್ನೇಹವೂ ಉಳಿಯುತ್ತದೆ. ಯಾರನ್ನೂ ನೋಯಿಸದೆ ದೋಷವನ್ನು ಹೊತ್ತುಕೊಳ್ಳುವ ಈ ಕುಳ್ಳನಲ್ಲಿ ಒಂದು ಬಗೆಯ ಅಹಿಂಸೆ ಇದೆ ಎಂದರೆ ಅತಿಯಾಗದು. ಹಾಗೆಯೇ, 1964ರಲ್ಲಿ 'ರೇಂಜರ್' ಸರಣಿಯ ಆರು ನೌಕೆಗಳು ಸತತವಾಗಿ ಸೋತ ಮೇಲೆ ಏಳನೆಯದರ ಸಮಯದಲ್ಲಿ ಕ್ಯಾಲಿಫೋರ್ನಿಯಾದ ಜೆಪಿಎಲ್ ಪ್ರಯೋಗಾಲಯದಲ್ಲಿ ಒಬ್ಬರು ಕಡಲೆಕಾಯಿ ಹಂಚಿದರು, ನೌಕೆ ಗೆದ್ದಿತು, ಅಂದಿನಿಂದ ಇಂದಿನವರೆಗೂ ಅಲ್ಲಿ ಮುಖ್ಯ ಘಳಿಗೆಗಳಲ್ಲಿ ಕಡಲೆಕಾಯಿ ತಪ್ಪುವುದಿಲ್ಲ. (ಬಸವನಗುಡಿಯ ಬಸವಣ್ಣನಿಗೆ ಇದು ತಿಳಿದರೆ ಸಂತೋಷಪಟ್ಟಾನು.) ನಮ್ಮ ಇಸ್ರೊ ಅಧ್ಯಕ್ಷರು ಉಡಾವಣೆಯ ಮುನ್ನ ರಾಕೆಟ್ಟಿನ ಪ್ರತಿಕೃತಿಯನ್ನು ತಿರುಪತಿಗೆ ಒಯ್ಯುವುದನ್ನು, ಪಿಎಸ್‌ಎಲ್‌ವಿ ಸರಣಿಯಲ್ಲಿ ಸಿ-12ರ ನಂತರ ಸಿ-14 ಬಂದುದನ್ನು ಗೇಲಿಮಾಡುವವರು ಈ ಕಡಲೆಕಾಯಿಯನ್ನೂ ನೆನೆಯುವುದು ಒಳ್ಳೆಯದು. ಕೈಮೀರಿದ ಕೆಲಸದ ಮುಂದೆ ನಿಂತ ಮನುಷ್ಯನಿಗೆ ಹಿಡಿದುಕೊಳ್ಳಲು ಏನಾದರೊಂದು ಬೇಕು.

ನನ್ನ ತಕರಾರು ಬೇರೆ. ಕೆಲಸದ ಮುನ್ನ ಕಡಲೆಕಾಯಿ ತಿನ್ನುವುದು ಒಂದು; ಕೆಟ್ಟ ಮೇಲೆ ಭೂತವನ್ನು ತೋರಿಸುವುದು ಇನ್ನೊಂದು. ಮೊದಲನೆಯದರಲ್ಲಿ ವಿನಯವಿದೆ, ಎರಡನೆಯದರಲ್ಲಿ ಅದರ ಸೋಗು ಮಾತ್ರ.

ಭೂತ ಎಲ್ಲಿ ವಾಸಿಸುತ್ತದೆ ಎಂಬುದನ್ನು ತನಿಖೆಗಳು ಹಲವು ಸಲ ಕಂಡುಹಿಡಿದಿವೆ. 1999ರ ಸೆಪ್ಟೆಂಬರ್‌ನಲ್ಲಿ ಮಂಗಳನನ್ನು ಸೇರಬೇಕಾಗಿದ್ದ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ಕಾಣೆಯಾದದ್ದು, ಒಂದು ಕಡೆಯವರು ಪೌಂಡಿನ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ಕಡೆಯವರು ನ್ಯೂಟನ್ ಎಂದು ಓದಿಕೊಂಡದ್ದರಿಂದ. ಸುಮಾರು 226 ಕಿಲೋಮೀಟರ್ ಎತ್ತರದಲ್ಲಿ ಹಾಯಬೇಕಾದ ನೌಕೆ 57 ಕಿಲೋಮೀಟರ್‌ಗೆ ಇಳಿದು ವಾಯುಮಂಡಲಕ್ಕೆ ಬಲಿಯಾಯಿತು. ದಾರಿ ಲೆಕ್ಕಹಾಕುತ್ತಿದ್ದವರಿಗೆ ಏನೋ ಹೊಂದುತ್ತಿಲ್ಲ ಎಂಬ ಅನುಮಾನ ಮೊದಲೇ ಬಂದಿತ್ತು. ಅದು ವಿಧಿಬದ್ಧವಾಗಿ ದಾಖಲಾಗಿ ಬೇಕಾದವರ ಕಿವಿಗೆ ಮುಟ್ಟಲಿಲ್ಲ. ಅಂದರೆ ಭೂತ ಇದ್ದದ್ದು ಮಂಗಳನ ದಾರಿಯಲ್ಲಲ್ಲ, ಎರಡು ಕಚೇರಿಗಳ ನಡುವಿನ ಹೊಸ್ತಿಲಿನಲ್ಲಿ.

ಅಪೊಲೊ-13ರ ಕಥೆ ಇನ್ನೂ ಸೂಕ್ಷ್ಮ. ಭೂಮಿಯಿಂದ ಮೂರು ಲಕ್ಷ ಕಿಲೋಮೀಟರಿಗೂ ಆಚೆ, 1970ರ ಏಪ್ರಿಲ್ 13ರಂದು, ಅದರ ಆಮ್ಲಜನಕದ ತೊಟ್ಟಿ ಸಿಡಿಯಿತು. ಹದಿಮೂರರ ಶಾಪವೆಂದು ಹೇಳಿಕೊಳ್ಳಲು ಎಲ್ಲ ಸಾಮಗ್ರಿಯೂ ಸಿದ್ಧವಿತ್ತು. ತನಿಖೆ ಹಿಂದಕ್ಕೆ ನಡೆಯಿತು. ಆ ತೊಟ್ಟಿ 1968ರಲ್ಲಿ ಕಾರ್ಖಾನೆಯಲ್ಲಿ ಎರಡು ಅಂಗುಲದಷ್ಟು ಮೇಲಿನಿಂದ ಬಿದ್ದಿತ್ತು. ಏನೂ ಆಗಿಲ್ಲವೆಂದು ತೋರಿತು. ಉಡಾವಣೆಗೆ ಮುನ್ನ ಪರೀಕ್ಷೆಯಲ್ಲಿ ಅದು ಸರಿಯಾಗಿ ಖಾಲಿಯಾಗದಿದ್ದಾಗ ಒಳಗಿನ ಹೀಟರನ್ನು ತಾಸುಗಟ್ಟಲೆ ಉರಿಸಿದರು. ಹೀಟರಿನ ಸ್ವಿಚ್ಚುಗಳು 28 ವೋಲ್ಟಿನವು. ನೆಲದ ವಿದ್ಯುತ್ತು 65 ವೋಲ್ಟಿನದು. ಸ್ವಿಚ್ಚು ಬೆಸೆದುಕೊಂಡು ಹೀಟರು ಆರಲೇ ಇಲ್ಲ. ಒಳಗಿನ ಶಾಖ ಐನೂರು ಡಿಗ್ರಿ ಸೆಲ್ಸಿಯಸ್ ದಾಟಿದಾಗಲೂ ಮಾಪಕ ಇಪ್ಪತ್ತೇಳರ ಆಸುಪಾಸಿನಲ್ಲೇ ನಿಂತಿತ್ತು, ಏಕೆಂದರೆ ಅದನ್ನು ರಚಿಸಿದ್ದೇ ಅಷ್ಟರವರೆಗೆ ತೋರಿಸಲು. ತಂತಿಯ ಹೊದಿಕೆ ಸುಟ್ಟುಹೋದ ತೊಟ್ಟಿ ಮೂವರು ಮನುಷ್ಯರೊಂದಿಗೆ ಚಂದ್ರನತ್ತ ಹೊರಟಿತು.

ಯಶೋಧರನ ಹಿಟ್ಟಿನ ಕೋಳಿಯನ್ನು ಪಾಠ ಹೇಳಿದವನಿಗೆ ಇಂಥ ವರದಿಯನ್ನು ಓದುವಾಗ ಒಂದು ಪರಿಚಿತ ನಡಿಗೆ ಕೇಳಿಸದೆ ಇರದು. ಎಲ್ಲೋ ಒಂದು ಕ್ಷುಲ್ಲಕವೆನಿಸಿದ ಗಳಿಗೆ, ಬಹುಕಾಲದ ನಿದ್ದೆ, ಮತ್ತೆ ಫಲದ ಉದಯ. ಹಾಗೆಂದು ನಮ್ಮ ಭವಾವಳಿಗಳಲ್ಲಿ ರಾಕೆಟ್ ವಿಜ್ಞಾನವಿದೆ ಎನ್ನುವ ಗುಂಪಿಗೆ ನನ್ನನ್ನು ದಯವಿಟ್ಟು ಸೇರಿಸಬೇಡಿ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಕಳೆದ ಶತಮಾನದ ಆದಿಯಲ್ಲಿ ಹೇಳಿ ಬರೆಸಿದ 'ವೈಮಾನಿಕ ಶಾಸ್ತ್ರ'ದ ವಿಮಾನಗಳು ಹಾರಲಾರವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು 1974ರಲ್ಲೇ ಲೆಕ್ಕಹಾಕಿ ತೋರಿಸಿದ್ದಾರೆ. ಆ ಚರ್ಚೆ ನನ್ನ ಮಟ್ಟಿಗೆ ಅಲ್ಲಿಗೆ ಮುಗಿದಿದೆ. ನಮ್ಮ ಪುರಾಣಗಳಿಂದ ವಿಮಾನ ಕಟ್ಟಲು ಬಾರದು. ಆದರೆ ವಿಮಾನ ನಿಂತಾಗ ಏನು ಕೇಳಬೇಕು ಎಂಬುದನ್ನು ಅವು ಯೋಚಿಸಿವೆ.

ವಿಮಲಸೂರಿಯ 'ಪಉಮಚರಿಯ'ದಲ್ಲಿ ದಶಮುಖನ ಪುಷ್ಪಕ ವಿಮಾನ ಕೈಲಾಸದ ಮೇಲೆ ಬರುತ್ತಲೇ ನಡುಗಗನದಲ್ಲಿ ನಿಂತುಬಿಡುತ್ತದೆ. ಜೈನ ಕಥನದಲ್ಲಿ ಇದೊಂದು ಪರಿಚಿತ ಆಶಯ. ಆಕಾಶದಲ್ಲಿ ಕಾಣದ ರಾಕ್ಷಸನೊಬ್ಬ ಹಿಡಿದನೆಂದು ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೆ? ಹೇಗಿದ್ದರೂ ಪಯಣಿಗನೇ ರಾಕ್ಷಸವಂಶದವನು! ಆದರೆ ಅವನು ಮಂತ್ರಿಯನ್ನು ಕೇಳುವುದು ಕಾರಣವನ್ನು. ಮಂತ್ರಿ ಮೇಲೆ ನೋಡುವುದಿಲ್ಲ, ಕೆಳಗೆ ನೋಡುತ್ತಾನೆ: ಕೆಳಗೆ ಮುನಿಯೊಬ್ಬ ಧ್ಯಾನದಲ್ಲಿ ನಿಂತಿದ್ದಾನೆ, ದಾಟಿಹೋಗಲಾಗದು. ದಶಮುಖ ಇಳಿಯುತ್ತಾನೆ, ಮುನಿ ತನ್ನ ಹಳೆಯ ವೈರಿ ವಾಲಿಯೆಂದು ತಿಳಿಯುತ್ತಲೇ ಕಾರಣ ಅವನಿಗೆ ಸಾಕಾಗುವುದಿಲ್ಲ, ಅಪರಾಧಿ ಬೇಕಾಗುತ್ತಾನೆ. ಬೆಟ್ಟವನ್ನೇ ಕಿತ್ತೆಸೆಯಲು ಅದರ ಬುಡಕ್ಕೆ ನುಗ್ಗುತ್ತಾನೆ. ಬೆಟ್ಟದ ಮೇಲಿನ ಜಿನಾಲಯಗಳಿಗಾಗಿ ಮುನಿ ಹೆಬ್ಬೆರಳನ್ನು ಒತ್ತಿದ. ಅಡಿಯಲ್ಲಿ ಸಿಕ್ಕವನು ಅರಚಿದ ರವದಿಂದ ರಾವಣನಾದ. ಗುಣಭದ್ರಾಚಾರ್ಯರ 'ಉತ್ತರಪುರಾಣ'ದಲ್ಲಿ ಶಂಬರನೆಂಬ ದೇವನ ವಿಮಾನವೂ ಪಾರ್ಶ್ವನಾಥರ ಮೇಲೆ ಹೀಗೆಯೇ ನಿಲ್ಲುತ್ತದೆ. ಅವನೂ ಕಾರಣವನ್ನರಿತು, ಅರಿತ ತಪ್ಪಿಗೆ ಏಳು ದಿನ ಉಪಸರ್ಗ ಮಾಡುತ್ತಾನೆ. ಕಾರಣವನ್ನು ಹುಡುಕುವ ಬುದ್ಧಿಗೂ ಬಡಿಯಲೊಬ್ಬನನ್ನು ಹುಡುಕುವ ರೋಷಕ್ಕೂ ನಡುವೆ ಎಷ್ಟು ತೆಳುವಾದ ಗೆರೆ ಇದೆ ಎಂಬುದನ್ನು ಈ ಎರಡು ಪ್ರಸಂಗಗಳು ಬಲ್ಲವು.

ನಮ್ಮಲ್ಲಿ ಭೂತಪಿಶಾಚಿಗಳಿಗೆ ಕೊರತೆಯಿಲ್ಲ. ಕಿನ್ನರ, ಕಿಂಪುರುಷ, ಮಹೋರಗ, ಗಂಧರ್ವ, ಯಕ್ಷ, ರಾಕ್ಷಸ, ಭೂತ, ಪಿಶಾಚ ಎಂದು ತತ್ತ್ವಾರ್ಥಸೂತ್ರವು ವ್ಯಂತರರನ್ನು ಎಂಟಾಗಿ ವಿಂಗಡಿಸಿಯೇ ಇಟ್ಟಿದೆ. ಆದರೂ ತನ್ನ ಕರ್ಮವನ್ನು ಪಿಶಾಚಿಯ ಮೇಲೆ ಹೊರಿಸಿ ಪಾರಾಗುವ ಅವಕಾಶವನ್ನು ಅದೇ ಶಾಸ್ತ್ರ ಯಾವ ಜೀವಿಗೂ ಕೊಡಲಿಲ್ಲ. ಇದು ಯಾಕೆ ಮುಖ್ಯವೆಂದರೆ, ದೋಷವನ್ನು ಒಪ್ಪಿಕೊಳ್ಳುವುದರಲ್ಲೂ ಎಷ್ಟು ಬಗೆಯ ವಂಚನೆ ಸಾಧ್ಯ ಎಂಬುದನ್ನು ನಮ್ಮ ಆಚಾರ್ಯರು ಎಣಿಸಿದಷ್ಟು ಸೂಕ್ಷ್ಮವಾಗಿ ಇನ್ನಾರಾದರೂ ಎಣಿಸಿದ್ದಾರೋ ನಾನರಿಯೆ. ನಮ್ಮ ವಡ್ಡಾರಾಧನೆಯ ಕಥೆಗಳಿಗೆ ಬೇರಾದ 'ಭಗವತೀ ಆರಾಧನಾ' ಗ್ರಂಥದಲ್ಲಿ, ಮುನಿ ಗುರುವಿನ ಮುಂದೆ ಮಾಡುವ 'ಆಲೋಚನೆ'ಗೆ, ಅಂದರೆ ತಪ್ಪೊಪ್ಪಿಗೆಗೆ, ಹತ್ತು ದೋಷಗಳನ್ನು ಹೇಳಿದೆ. ಗುರುವಿಗೆ ಮರುಕ ಹುಟ್ಟಿಸಿ ದಂಡವನ್ನು ಇಳಿಸಿಕೊಳ್ಳುವುದು ಆಕಂಪಿತ. ಬೇರೆಯವರು ಕಂಡ ತಪ್ಪನ್ನು ಮಾತ್ರ ಹೇಳಿ ಕಾಣದ್ದನ್ನು ನುಂಗಿಕೊಳ್ಳುವುದು ಯದ್ದೃಷ್ಟ. ದೊಡ್ಡದನ್ನು ಹೇಳಿ ಸಣ್ಣದನ್ನು ಮರೆಸುವುದು ಬಾದರ. ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚುವುದು ಸೂಕ್ಷ್ಮ. "ಯಾರಾದರೂ ಇಂಥ ತಪ್ಪು ಮಾಡಿದರೆ ಅದಕ್ಕೇನು ಪ್ರಾಯಶ್ಚಿತ್ತ?" ಎಂದು ಬೇರೆಯವರ ಮಾತೆಂಬಂತೆ ಕೇಳುವುದು ಛನ್ನ. ಎಲ್ಲರೂ ಒಟ್ಟಿಗೆ ತಪ್ಪೊಪ್ಪಿಕೊಳ್ಳುವ ಗದ್ದಲದಲ್ಲಿ ತಾನೂ ಗೊಣಗಿ, ಹೇಳಿದಂತೆಯೂ ಆಗಿ ಕೇಳಿಸದಂತೆಯೂ ಆಗುವುದು ಶಬ್ದಾಕುಲಿತ. ಉಳಿದ ನಾಲ್ಕನ್ನು ಆಸಕ್ತರು ಮೂಲದಲ್ಲಿ ನೋಡಬಹುದು. ಸರ್ಕಾರಿ ಸಮಿತಿಗಳ ಯಾವುದೇ ವರದಿಯನ್ನು ಕೈಯಲ್ಲಿ ಹಿಡಿದು ಈ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ ನೋಡಿ. ಅಂದಹಾಗೆ, ಜಿನಾಲಯಗಳನ್ನು ಉಳಿಸಲೆಂದೇ ಹೆಬ್ಬೆರಳೊತ್ತಿದ ವಾಲಿಯೂ ಜೈನ ರಾಮಕಥೆಯಲ್ಲಿ ಗುರುವಿನ ಬಳಿ ಹೋಗಿ ಪ್ರಾಯಶ್ಚಿತ್ತ ಪಡೆದವನೇ.

ಇದನ್ನು ತರಗತಿಯಲ್ಲಿ ಹತ್ತಾರು ಸಲ ಹೇಳಿದ ನಾನು ಮಾಡಿದ್ದೇನು? ಕೆಲವು ವರ್ಷಗಳ ಹಿಂದೆ ಅಂತಿಮ ಪದವಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಆಂತರಿಕ ಅಂಕ ತೀರಾ ಕಡಮೆ ಬಂದಿದೆ ಎಂದು ಬಂದಳು. ನಾನು ಕಡತ ತೆರೆಯದೆಯೇ, "ತಂತ್ರಾಂಶದ ದೋಷ ಕಣಮ್ಮ, ಸರ್ವರ್ ಹೀಗೆ ಮಾಡುತ್ತಿರುತ್ತದೆ, ಸರಿಹೋಗುತ್ತದೆ" ಎಂದೆ. "ಆಯ್ತು ಸಾರ್" ಎಂದು ಹೋದಳು. ನನ್ನ ಮಾತನ್ನು ನಂಬದಿರಲು ಅವಳಿಗೆ ಕಾರಣವಿರಲಿಲ್ಲ. ಒಂದೂವರೆ ತಿಂಗಳ ಮೇಲೆ ಬೇರಾವುದಕ್ಕೋ ಅಂಕಪುಸ್ತಕ ತೆರೆದಾಗ ಕಂಡಿತು: ಅವಳ ಹೆಸರಿನಿಂದ ಕೆಳಕ್ಕೆ ನಾನು ಒಂದು ಸಾಲು ತಪ್ಪಿಸಿ ಅಂಕ ತುಂಬಿದ್ದೆ. ಅಷ್ಟರಲ್ಲಿ ಸ್ನಾತಕೋತ್ತರ ಪ್ರವೇಶದ ಮೊದಲ ಪಟ್ಟಿ ಹೊರಬಿದ್ದು ಅವಳ ಹೆಸರು ಅದರಲ್ಲಿರಲಿಲ್ಲ. ಪ್ರಾಂಶುಪಾಲರಿಗೆ ಬರೆದ ಪತ್ರದಲ್ಲಿ ನಾನು ಬಳಸಿದ ವಾಕ್ಯ ಇಂದಿಗೂ ನೆನಪಿದೆ: "ಒಂದು ಸಾಲು ಜಾರಿಹೋಗಿದೆ."

ಕನ್ನಡ ವ್ಯಾಕರಣ ಕಲಿಸಿ ಸಂಬಳ ತಿನ್ನುವವನು ಬರೆದ ವಾಕ್ಯ ಅದು. ನಮ್ಮ ಭಾಷೆಯ ಈ 'ಹೋಗು' ಎಂಬ ಸಹಾಯಕ ಕ್ರಿಯಾಪದ ಎಷ್ಟು ಕರುಣಾಮಯಿ! ಹಾಲು ಚೆಲ್ಲಿಹೋಯಿತು, ಲೋಟ ಒಡೆದುಹೋಯಿತು, ಕಾಗದ ಕಳೆದುಹೋಯಿತು. ಚೆಲ್ಲಿದವನು, ಒಡೆದವನು, ಕಳೆದವನು ವಾಕ್ಯದಿಂದ ಸದ್ದಿಲ್ಲದೆ ಎದ್ದುಹೋಗುತ್ತಾನೆ. ಗ್ರೆಮ್ಲಿನ್‌ನನ್ನು ನಾವು ಕಲ್ಪಿಸಿಕೊಳ್ಳಬೇಕಾಗಿಯೇ ಇರಲಿಲ್ಲ, ವ್ಯಾಕರಣದಲ್ಲೇ ಅವನಿಗೆ ಕೋಣೆ ಕಟ್ಟಿಕೊಟ್ಟಿದ್ದೇವೆ. ಆ ಪತ್ರವನ್ನು ಮರುದಿನ ವಾಪಸು ಪಡೆದು "ನಾನು ತಪ್ಪಾಗಿ ತುಂಬಿದೆ" ಎಂದು ತಿದ್ದಿ ಬರೆದುಕೊಟ್ಟೆ. ಎರಡನೆಯ ಪಟ್ಟಿಯಲ್ಲಿ ಅವಳಿಗೆ ಬೇರೊಂದು ಊರಿನಲ್ಲಿ ಸೀಟು ಸಿಕ್ಕಿತು. ಅವಳು ಬಯಸಿದ ಊರಲ್ಲ.

ಚಂದ್ರಯಾನ-2ರ 'ವಿಕ್ರಮ್' 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಮೌನವಾದಾಗ ಇಡೀ ದೇಶ ಅತ್ತಿತು. ಸಾಂತ್ವನದ ಕವನಗಳು ಕನ್ನಡದಲ್ಲೂ ಧಾರಾಳವಾಗಿ ಬಂದವು. ವೇಗ ಇಳಿಸುವುದರಲ್ಲಿ ಲೆಕ್ಕ ತಪ್ಪಿತೆಂಬ ಅಧಿಕೃತ ಮಾತು ಕೆಲವೇ ಸಾಲುಗಳದಾಗಿತ್ತು. ಇಂಜಿನ್ನುಗಳು ನಿರೀಕ್ಷೆಗಿಂತ ಹೆಚ್ಚು ನೂಕಿದವು, ದೋಷ ಕೂಡುತ್ತ ಹೋಯಿತು, ನೌಕೆ ಎಷ್ಟು ಬೇಗ ತಿರುಗಿ ತಿದ್ದಿಕೊಳ್ಳಬಹುದೆಂಬುದಕ್ಕೆ ತಂತ್ರಾಂಶದಲ್ಲಿ ನಾವೇ ಮಿತಿ ಹಾಕಿದ್ದೆವು, ಇಳಿಯಲು ಗೊತ್ತುಮಾಡಿದ ಜಾಗ ಐನೂರು ಮೀಟರಿನ ಚೌಕ ಮಾತ್ರ—ಇಷ್ಟನ್ನು ಬಿಡಿಸಿ ಹೇಳುವುದನ್ನು ನಾವು ಕೇಳಿದ್ದು 2023ರಲ್ಲಿ, ಚಂದ್ರಯಾನ-3ರ ಹೊತ್ತಿಗೆ, ಆಗಿನ ಅಧ್ಯಕ್ಷ ಎಸ್. ಸೋಮನಾಥ್ ಅವರಿಂದ. ಆ ಸಲ ಇಳಿದಾಣವನ್ನು ನಾಲ್ಕು ಕಿಲೋಮೀಟರ್ ಉದ್ದಕ್ಕೆ ಹಿಗ್ಗಿಸಿದ್ದರು. ಏನೆಲ್ಲ ಕೆಡಬಹುದೆಂದು ಎಣಿಸಿ ಅದರ ಮೇಲೆ ನೌಕೆ ಕಟ್ಟಿದೆವು ಎಂದ ಅವರ ಮಾತಿನಲ್ಲಿ ನನಗೆ ಕೇಳಿಸಿದ್ದು ಒಳ್ಳೆಯ ಆಲೋಚನೆಯ ದನಿ. ಅದು ನಾಲ್ಕು ವರ್ಷ ಮೊದಲೇ ಅಷ್ಟೇ ಬಿಚ್ಚುಮನಸ್ಸಿನಿಂದ ಬರಬಹುದಿತ್ತು ಎಂದರೆ ದೇಶದ್ರೋಹವಾಗಲಾರದು.

ಕಾರಣ ಹೊರಬಾರದೆ ಹೋದಾಗ ಭೂತ ಬಹಳ ದಿನ ಭೂತವಾಗಿಯೇ ಉಳಿಯುವುದಿಲ್ಲ, ಮನುಷ್ಯರೂಪ ತಾಳುತ್ತದೆ. ನನ್ನ ನಿಜವಾದ ಭಯ ಇರುವುದು ಇಲ್ಲಿ. 2018ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿದ್ದ ರಷ್ಯಾದ ಸೋಯುಜ್ ನೌಕೆಯಲ್ಲಿ ಎರಡು ಮಿಲಿಮೀಟರಿನ ತೂತು ಕಂಡಿತು. ಮೊದಲು ಉಲ್ಕಾಕಣವೆಂದರು, ಆಮೇಲೆ ಡ್ರಿಲ್ಲಿನ ತೂತೆಂದರು. ಅಂಟು ಹಾಕಿ ಮುಚ್ಚಿ ಜೀವ ಉಳಿಸಿಕೊಂಡರು. ಅಂತಿಮ ಕಾರಣವನ್ನು ರಷ್ಯಾದ ಸಂಸ್ಥೆ ಬಹಿರಂಗವಾಗಿ ಹೇಳಲಿಲ್ಲ. 2021ರಲ್ಲಿ ಅಲ್ಲಿನ ಸುದ್ದಿಸಂಸ್ಥೆಯೊಂದು ಹೆಸರಿಲ್ಲದ ಅಧಿಕಾರಿಯನ್ನು ಉದ್ಧರಿಸಿ, ಆಗ ನಿಲ್ದಾಣದಲ್ಲಿದ್ದ ಅಮೆರಿಕದ ಮಹಿಳಾ ಗಗನಯಾತ್ರಿಯತ್ತ ಬೆರಳು ತೋರಿತು. ಆಕೆಯ ಆರೋಗ್ಯ, ಆಕೆಯ ಮನಸ್ಸು, ಎಲ್ಲವೂ ಚರ್ಚೆಗೆ ಬಂದವು. ನಾಸಾ ಅದನ್ನು ಸ್ಪಷ್ಟವಾಗಿ ತಳ್ಳಿಹಾಕಿತು. ಊರಲ್ಲಿ ಹಸು ಸತ್ತರೆ, ಕೂಸು ಸತ್ತರೆ ಯಾವ ಮನೆಯ ಹೆಂಗಸಿನ ಮೇಲೆ ಕಣ್ಣು ಬೀಳುತ್ತಿತ್ತು ಎಂಬುದನ್ನು ಬಲ್ಲ ಯಾರಿಗೂ ಇದು ಹೊಸ ಕಥೆಯಲ್ಲ. ನಾನೂರು ಕಿಲೋಮೀಟರ್ ಮೇಲಕ್ಕೆ ಹೋಗಿದೆ, ಅಷ್ಟೆ. ಇದಕ್ಕೆ ಹೋಲಿಸಿದರೆ ರೆಕ್ಕೆಯ ಮೇಲೆ ಕುಣಿಯುವ ಕುಳ್ಳ ಎಷ್ಟೋ ಸಾತ್ವಿಕ. ಅವನನ್ನು ಯಾರೂ ಮರಕ್ಕೆ ಕಟ್ಟಿ ಹೊಡೆಯಲಾರರು.

ಹೆದರದೆ ಕಾರಣವನ್ನು ಹುಡುಕುವುದರಿಂದ ಬೆರಗು ಸಾಯುತ್ತದೆ ಎಂಬ ಆಕ್ಷೇಪವನ್ನು ಸಾಹಿತ್ಯದ ಗೆಳೆಯರು ಎತ್ತುತ್ತಾರೆ. 1962ರ ಫೆಬ್ರವರಿಯಲ್ಲಿ ಭೂಮಿಯನ್ನು ಸುತ್ತಿದ ಜಾನ್ ಗ್ಲೆನ್ ಸೂರ್ಯೋದಯದ ಹೊತ್ತು ತನ್ನ ನೌಕೆಯ ಸುತ್ತ ಸಾವಿರಾರು ಮಿಂಚುಹುಳುಗಳನ್ನು ಕಂಡ. ಮೂರು ತಿಂಗಳ ಅನಂತರ ಹೋದ ಸ್ಕಾಟ್ ಕಾರ್ಪೆಂಟರ್ ಒಳಗಿನಿಂದ ಗೋಡೆಯನ್ನು ತಟ್ಟಿದ. ಹೊರಗೆ ಹೊಸ ಮಿಂಚುಹುಳುಗಳು ಎದ್ದವು. ನೌಕೆಯದೇ ತೇವ ಹೆಪ್ಪುಗಟ್ಟಿದ ಹಿಮದ ಕಣಗಳು ಅವು. ಇಲ್ಲಿ ಬಡಿದವನು ಮನುಷ್ಯನೇ, ಒಳಗಿನಿಂದ. ಹಿಮವೆಂದು ತಿಳಿದ ಮೇಲೂ ಸೂರ್ಯನ ಮೊದಲ ಕಿರಣಕ್ಕೆ ಅವು ಹೊಳೆಯುವುದನ್ನು ನಿಲ್ಲಿಸಲಿಲ್ಲವಲ್ಲ.

2003ರ ಕ್ರಿಸ್ಮಸ್ ದಿನ ಮಂಗಳನ ಮೇಲೆ ಇಳಿಯಬೇಕಾಗಿದ್ದ ಬ್ರಿಟನ್ನಿನ ಪುಟ್ಟ ನೌಕೆ 'ಬೀಗಲ್-2' ಒಂದು ಸದ್ದನ್ನೂ ಕಳಿಸಲಿಲ್ಲ. ಗೂಲ್ ನುಂಗಿತೆಂದು ಪತ್ರಿಕೆಗಳು ಬರೆದವು. ಅದನ್ನು ಕಟ್ಟಿದ ಕಾಲಿನ್ ಪಿಲಿಂಗರ್ ಅಪಹಾಸ್ಯವನ್ನು ಹೊತ್ತುಕೊಂಡೇ ಉಳಿದ ಆಯುಸ್ಸನ್ನು ಕಳೆದು 2014ರ ಮೇ ತಿಂಗಳಲ್ಲಿ ತೀರಿಕೊಂಡ. 2015ರ ಜನವರಿಯಲ್ಲಿ, ಮಂಗಳನನ್ನು ಸುತ್ತುವ ಇನ್ನೊಂದು ನೌಕೆ ತೆಗೆದ ಚಿತ್ರಗಳಲ್ಲಿ ಬೀಗಲ್ ಸಿಕ್ಕಿತು. ಯಾರೂ ಅದನ್ನು ನುಂಗಿರಲಿಲ್ಲ. ಇಳಿಯಬೇಕಾದ ಬಯಲಿನಲ್ಲೇ ಮೆಲ್ಲನೆ ಇಳಿದು, ಬಿಸಿಲಿನ ಹಲಗೆಗಳಲ್ಲಿ ಕೆಲವನ್ನು ಬಿಚ್ಚಿ, ಕೊನೆಯದನ್ನು ಬಿಚ್ಚಲಾರದೆ ಕುಳಿತಿತ್ತು. ಮಾತಾಡುವ ಆಂಟೆನಾ ಆ ಹಲಗೆಯ ಅಡಿಯಲ್ಲಿತ್ತು.